ನಮ್ಮ ನಾಯಿ ನೆರೆಮನೆಯ ನಾಯಿಯನ್ನು ಕಚ್ಚಿದೆ: ಮಾಲೀಕನ ಮೇಲೆ ಬರುವ ಕಾನೂನಿನ ಹೊಣೆ ಯಾವುದು?

ಕೋಥ್ರೂಡ್ ನಿವಾಸಿ (ಪ್ರಶ್ನೆ ಕೇಳಿದವರು)

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ. ನಾವು ಮೂಲತಃ ಲೋಕಾಪುರದವರು, ಹನ್ನೊಂದು ವರ್ಷಗಳಿಂದ ಕೋಥ್ರೂಡ್‌ನ ಒಂದು ಸೊಸೈಟಿಯಲ್ಲಿ ವಾಸವಾಗಿದ್ದೇವೆ. ಊರಿನಿಂದ ಮರಿಯಾಗಿದ್ದಾಗಲೇ ತಂದ ಮುಧೋಳ ತಳಿಯ ಹೆಣ್ಣುನಾಯಿ ನಮ್ಮಲ್ಲಿದೆ. ಇಲ್ಲಿಯವರು ಅದನ್ನು ಕಾರವಾನ್ ಎಂದು ಕರೆಯುತ್ತಾರೆ. ಕಳೆದ ಭಾನುವಾರ ಬೆಳಿಗ್ಗೆ ಆರೂವರೆಗೆ ಅದನ್ನು ತಿರುಗಾಡಿಸಿಕೊಂಡು ಬಂದು, ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್, ಇನ್ನೊಂದರಲ್ಲಿ ಚೈನು ಹಿಡಿದು ಲಿಫ್ಟಿಗಾಗಿ ಕಾಯುತ್ತಿದ್ದೆ. ಬಾಗಿಲು ತೆರೆದ ಕೂಡಲೇ ಮೂರನೆಯ ಮಹಡಿಯ ಕಾಕೂ ಅವರ ಪೊಮೆರೇನಿಯನ್ ಬೊಗಳುತ್ತಾ ಹೊರಗೆ ನುಗ್ಗಿತು. ಚೈನು ನನ್ನ ಕೈಯಿಂದ ಜಾರಿತು. ನಮ್ಮ ನಾಯಿ ಅದರ ಬೆನ್ನಿಗೆ ಬಾಯಿ ಹಾಕಿ ಎರಡು ಸಲ ಕೊಡವಿತು. ಮೂರನೆಯದಕ್ಕೆ ಮುಂಚೆ ನಾನು ದವಡೆ ಬಿಡಿಸಿದೆ.

ಆ ಹೊತ್ತಿಗೆ ಎರಡು ಸಣ್ಣ ತೂತುಗಳಷ್ಟೇ ಕಂಡವು. ಕಾಕೂ ಅರಿಸಿನ ಹಚ್ಚಿ ಸುಮ್ಮನಾದರು. ಮಂಗಳವಾರ ಆ ನಾಯಿ ಮೇಲೇಳಲಿಲ್ಲ, ಬೆನ್ನು ಕೀವುಗಟ್ಟಿತ್ತು, ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಈವರೆಗಿನ ಬಿಲ್ಲು 41,600 ರೂಪಾಯಿ. ಬಿಡಿಸುವ ಗಡಿಬಿಡಿಯಲ್ಲಿ ಕಾಕೂ ಅವರ ಮಣಿಕಟ್ಟಿನ ಮೇಲೂ ಒಂದು ಗೀರು ಬಿದ್ದಿದೆ. ಅದು ಯಾವ ನಾಯಿಯದು, ಹಲ್ಲಿನದೋ ಉಗುರಿನದೋ ಯಾರಿಗೂ ತಿಳಿಯದು. ಈಗ ಅವರ ಮಗ ಪೊಲೀಸರಲ್ಲಿ ಎಫ್‌ಐಆರ್ ಮಾಡಿಸುತ್ತೇನೆ, ನಿಮ್ಮ ನಾಯಿಯನ್ನು ಕೊಲ್ಲಿಸುತ್ತೇನೆ ಎನ್ನುತ್ತಿದ್ದಾನೆ. ಸೊಸೈಟಿಯ ಸಮಿತಿಯವರು 10,000 ರೂಪಾಯಿ ದಂಡ ಕಟ್ಟಿ, ತಿಂಗಳೊಳಗೆ ನಾಯಿಯನ್ನು ಬೇರೆಡೆಗೆ ಸಾಗಿಸಿ ಎಂದು ಪತ್ರ ಕೊಟ್ಟಿದ್ದಾರೆ. ಎರಡು ದಿನ ತಡಮಾಡಿದ್ದು ಅವರು. ಪೂರ್ತಿ ಬಿಲ್ಲು ನಾನೇ ಏಕೆ ಕೊಡಬೇಕು ಎಂಬ ಪ್ರಶ್ನೆಯೂ ನನಗಿದೆ. ಕಾನೂನು ಬಲ್ಲವರು ದಯವಿಟ್ಟು ತಿಳಿಸಬೇಕು.

ಶಿವಾಜಿನಗರ ನ್ಯಾಯಾಲಯದ ವಕೀಲರು

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದಕ್ಕೊಂದು ತೊಡರಿಕೊಂಡಿವೆ. ನಾಯಿಗೆ ಆದ ಗಾಯ ಒಂದು, ಮನುಷ್ಯರಿಗೆ ಆದ ಗೀರು ಇನ್ನೊಂದು, ಸೊಸೈಟಿಯ ಅಧಿಕಾರ ಮತ್ತೊಂದು. ಮೊದಲನೆಯದನ್ನು ನೋಡೋಣ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು, ತನ್ನ ವಶದಲ್ಲಿರುವ ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದವನಿಗೆ 6 ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿಯವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇದು 289ನೆಯ ಕಲಮಾಗಿತ್ತು. ಆದರೆ ಅದರ ಮಾತುಗಳನ್ನು ಗಮನಿಸಿ ಓದಬೇಕು: ಮನುಷ್ಯನ ಪ್ರಾಣಕ್ಕೆ ಸಂಭವನೀಯ ಅಪಾಯ, ಇಲ್ಲವೇ ತೀವ್ರ ಗಾಯದ ಸಂಭವನೀಯ ಅಪಾಯ, ಇವುಗಳ ವಿರುದ್ಧ ಎಚ್ಚರಿಕೆ ವಹಿಸದಿರುವುದೇ ಅಲ್ಲಿನ ಅಪರಾಧ. ನೆರೆಮನೆಯ ನಾಯಿಗೆ ಆದ ಗಾಯವಷ್ಟರಿಂದಲೇ ಈ ಕಲಮು ಅನ್ವಯಿಸುವುದಿಲ್ಲ.

ಇನ್ನು 325ನೆಯ ಕಲಮು ಪ್ರಾಣಿಯನ್ನು ಕೊಲ್ಲುವ, ವಿಷವಿಕ್ಕುವ, ಅಂಗಹೀನ ಮಾಡುವ ಕೃತ್ಯಕ್ಕೆ 5 ವರ್ಷಗಳವರೆಗಿನ ಶಿಕ್ಷೆ ಹೇಳುತ್ತದೆ. ಅಲ್ಲಿ ನಷ್ಟ ಮಾಡಬೇಕೆಂಬ ಉದ್ದೇಶ, ಇಲ್ಲವೇ ನಷ್ಟವಾಗುತ್ತದೆಂಬ ಅರಿವು ಬೇಕೇಬೇಕು. ಹಾಲಿನ ಪ್ಯಾಕೆಟ್ ಹಿಡಿದು ನಿಂತವರ ಇನ್ನೊಂದು ಕೈಯಿಂದ ಚೈನು ಜಾರಿದ್ದು ಉದ್ದೇಶವಾಗುವುದಿಲ್ಲ. ನಾಯಿಯನ್ನು ಛೂ ಬಿಟ್ಟಿದ್ದರೆ ಮಾತು ಬೇರೆ. ಪಕ್ಕದವನ ಬೆಳೆ ಹಾಳಾಗಲೆಂದೇ ದನವನ್ನು ಹೊಲಕ್ಕೆ ನುಗ್ಗಿಸುವುದನ್ನು ಹಳೆಯ ಸಂಹಿತೆಯೇ ಇಂಥ ಅಪರಾಧಕ್ಕೆ ಉದಾಹರಣೆಯಾಗಿ ಕೊಟ್ಟಿತ್ತು.

ಬಾಂಬೆ ಹೈಕೋರ್ಟಿನ 2022ರ ಡಿಸೆಂಬರಿನ ಒಂದು ತೀರ್ಪು ಇಲ್ಲಿ ಉಪಯುಕ್ತ. 2020ರಲ್ಲಿ ಮುಂಬಯಿಯ ಮರೀನ್ ಡ್ರೈವ್‌ನಲ್ಲಿ ಊಟ ತಲುಪಿಸಲು ಹೊರಟಿದ್ದ ವಿದ್ಯಾರ್ಥಿಯೊಬ್ಬನ ಬೈಕಿಗೆ ಬೀದಿನಾಯಿ ಅಡ್ಡ ಬಂದು ಸತ್ತಿತು. ಮನುಷ್ಯರ ಜೀವಕ್ಕೆ ಅಪಾಯ ತರುವ ಚಾಲನೆಯ ಕಲಮುಗಳನ್ನು ಪೊಲೀಸರು ಅವನ ಮೇಲೆ ಹೇರಿದ್ದರು. ಸಾಕಿದವರು ನಾಯಿಯನ್ನು ಮಗುವಿನಂತೆ ಕಾಣಬಹುದಾದರೂ ಅದು ಮನುಷ್ಯನಲ್ಲವಾದ್ದರಿಂದ ಆ ಕಲಮುಗಳು ಸಲ್ಲವೆಂದೂ, ಉದ್ದೇಶವಿಲ್ಲದೆ ಪ್ರಾಣಿಹಾನಿಯ ಕಲಮೂ ನಿಲ್ಲದೆಂದೂ ಹೇಳಿ ನ್ಯಾಯಾಲಯ ಎಫ್‌ಐಆರ್ ರದ್ದುಮಾಡಿತು. ವಿದ್ಯಾರ್ಥಿಗೆ 20,000 ರೂಪಾಯಿ ಕೊಡಬೇಕೆಂದೂ ಆದೇಶಿಸಿತು.

ಇದನ್ನು ಓದಿ ನೀವು ನಿಟ್ಟುಸಿರು ಬಿಡಬೇಡಿ. ಕ್ರಿಮಿನಲ್ ಕಾನೂನು ಕೈಬಿಟ್ಟ ಜಾಗದಲ್ಲಿ ಸಿವಿಲ್ ಹೊಣೆ ಕಾದು ನಿಂತಿರುತ್ತದೆ. ಕಾನೂನಿನ ಕಣ್ಣಿಗೆ ನಾಯಿ ಮಾಲೀಕರ ಚರಾಸ್ತಿ. ನಿಮ್ಮ ನಿರ್ಲಕ್ಷ್ಯದಿಂದ ಅವರ ಸ್ವತ್ತಿಗೆ ಹಾನಿಯಾಗಿದೆ, ಅದರ ಪರಿಹಾರವನ್ನು ಅವರು ದಾವೆ ಹೂಡಿ ಕೇಳಬಹುದು, ಅದಕ್ಕೆ 3 ವರ್ಷಗಳ ಕಾಲಾವಕಾಶವಿದೆ.

ಔಂಧ್‌ನ ಗೃಹಿಣಿ

ವಕೀಲರ ಮಾತು ಸರಿಯಿರಬಹುದು, ಆದರೆ ‘ಚರಾಸ್ತಿ’ ಎಂಬ ಶಬ್ದ ಓದಿ ಮನಸ್ಸಿಗೆ ಕಸಿವಿಸಿಯಾಯಿತು. ಎರಡು ವರ್ಷಗಳ ಹಿಂದೆ ನಮ್ಮ ನಾಯಿಯನ್ನು ಪಕ್ಕದ ಬಂಗಲೆಯ ನಾಯಿ ಗೇಟು ಹಾರಿ ಬಂದು ಕಚ್ಚಿತ್ತು. ಪೊಲೀಸ್ ಚೌಕಿಗೆ ಹೋದರೆ ಒಂದು ಎನ್‌ಸಿ (ಪೊಲೀಸರು ತಾವಾಗಿ ತನಿಖೆ ಮಾಡದ ಸಣ್ಣ ದೂರಿನ ದಾಖಲೆ) ಬರೆದುಕೊಟ್ಟು ಕಳುಹಿಸಿದರು. ಆ ಕಾಗದ ಇಂದಿಗೂ ಕಪಾಟಿನಲ್ಲಿದೆ, ಅದರಿಂದ ಒಂದು ರೂಪಾಯಿಯೂ ಹುಟ್ಟಲಿಲ್ಲ. ನಮ್ಮದು ಬೀದಿಯಿಂದ ತಂದು ಸಾಕಿದ ನಾಯಿ. ಅದಕ್ಕೆ ಬೆಲೆಯೇ ಇಲ್ಲವಲ್ಲ ಎಂದು ಆ ಮನೆಯವರು ನನ್ನೆದುರೇ ನಕ್ಕರು.

ಪ್ರಶ್ನೆ ಕೇಳಿದ ಅಣ್ಣನವರಿಗೆ ಒಂದು ಮಾತು. ಎರಡು ದಿನ ತಡವಾಯಿತು ಎಂಬ ವಾದವನ್ನು ಹಿಡಿದುಕೊಂಡು ಆ ಹಿರಿಯರ ಬಾಗಿಲಿಗೆ ಹೋಗಬೇಡಿ.

ಶಿವಾಜಿನಗರ ನ್ಯಾಯಾಲಯದ ವಕೀಲರು

ಅಕ್ಕ, ಆ ಶಬ್ದ ನನಗೂ ಹಿತವಲ್ಲ. 2014ರ ಮೇ 7ರಂದು ಜಲ್ಲಿಕಟ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪ್ರಾಣಿಗಳಿಗೂ ಘನತೆಯಿಂದ ಬದುಕುವ ಹಕ್ಕಿದೆಯೆಂದು ಹೇಳಿತು. ಆದರೂ ಪರಿಹಾರ ಕೇಳುವ ದಾವೆಯಲ್ಲಿ ನಮಗೆ ದಾರಿ ಸಿಗುವುದು ಅದು ನಿಮ್ಮ ಸ್ವತ್ತು ಎಂಬ ಆಧಾರದಿಂದಲೇ. ಬೆಲೆಯ ಮಾತಿಗೆ ಬಂದರೆ, ಪೇಟೆಯಲ್ಲಿ ಬೆಲೆಯಿಲ್ಲದ ನಾಯಿಯ ಚಿಕಿತ್ಸೆಗೆ 40,000 ಖರ್ಚಾಗಿದ್ದರೆ ಆ ಖರ್ಚು ಸಮಂಜಸವೇ ಎಂದು ನ್ಯಾಯಾಧೀಶರು ನೋಡುತ್ತಾರೆ. ಸ್ಕೂಟರ್ ಕೆಟ್ಟರೆ ರಿಪೇರಿಗಿಂತ ಹೊಸದು ಅಗ್ಗವೆಂದು ಬಿಡಬಹುದು. ನರಳುತ್ತಿರುವ ಪ್ರಾಣಿಗೆ ಚಿಕಿತ್ಸೆ ಕೊಡಿಸುವುದು ಮಾಲೀಕರ ಕರ್ತವ್ಯವೇ ಆಗಿರುವುದರಿಂದ ಆ ತರ್ಕ ಇಲ್ಲಿ ಒಪ್ಪುವುದಿಲ್ಲ ಎಂದು ನಾನಾದರೆ ವಾದಿಸುತ್ತೇನೆ. ಮನೋವ್ಯಥೆಗೆ ದೊಡ್ಡ ಮೊತ್ತ ದೊರಕೀತೆಂಬ ಭರವಸೆಯನ್ನು ಮಾತ್ರ ಯಾವ ಕಕ್ಷಿದಾರರಿಗೂ ನಾನು ಕೊಡುವುದಿಲ್ಲ.

ಪಶುವೈದ್ಯರು, ಪಿಂಪ್ರಿ

ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಇಲ್ಲಿಗೆ ಬಂದು ಚಿಕಿತ್ಸಾಲಯ ನಡೆಸುತ್ತಿದ್ದೇನೆ. ತಡವಾದ ವಿಷಯಕ್ಕಷ್ಟೇ ಉತ್ತರಿಸುತ್ತೇನೆ, ಏಕೆಂದರೆ ವಾರಕ್ಕೊಂದಾದರೂ ಇಂಥ ಪ್ರಕರಣ ನನ್ನ ಮೇಜಿನ ಮೇಲೆ ಬರುತ್ತದೆ.

ದೊಡ್ಡ ನಾಯಿ ಸಣ್ಣ ನಾಯಿಯನ್ನು ಕಚ್ಚಿ ಕೊಡವಿದಾಗ ಹಲ್ಲು ಚರ್ಮದಲ್ಲಿ ಸಿಕ್ಕಿಕೊಳ್ಳುತ್ತದೆ. ನಾಯಿಯ ಚರ್ಮ ಸಡಿಲವಾದ್ದರಿಂದ ಅದು ಹಲ್ಲಿನ ಜೊತೆಗೇ ಅತ್ತಿತ್ತ ಸರಿದಾಡುತ್ತದೆ, ಕೆಳಗಿನ ಸ್ನಾಯು ಮಾತ್ರ ಹರಿಯುತ್ತಾ ಹೋಗುತ್ತದೆ. ಹೊರಗೆ ಕಡಲೆಕಾಳಿನಷ್ಟು ಎರಡು ತೂತು. ಕೂದಲು ಬೋಳಿಸಿ ಬೆರಳಿಟ್ಟರೆ ಒಳಗೆ ಅಂಗೈಯಗಲ ಪೊಳ್ಳು. ಬಾಯಿಯ ಬ್ಯಾಕ್ಟೀರಿಯಾ ಆ ಪೊಳ್ಳಿನಲ್ಲಿ ಬೆಳೆದು, ಎರಡನೆಯ ಮೂರನೆಯ ದಿನಕ್ಕೆ ಕೀವು, ಜ್ವರ, ಸತ್ತು ಕಪ್ಪಾದ ಚರ್ಮ ಕಾಣಿಸಿಕೊಳ್ಳುತ್ತವೆ. ಪೊಮೆರೇನಿಯನ್‌ನ ದಟ್ಟ ಕೂದಲಿನೊಳಗೆ ಇದು ಮಾಲೀಕರಿಗೆ ಮೊದಲ ದಿನವೇ ಗೊತ್ತಾಗಬೇಕೆಂದು ನಿರೀಕ್ಷಿಸುವುದು ತಪ್ಪು. ಎಕ್ಸ್‌ರೇ, ಅರಿವಳಿಕೆ, ಸತ್ತ ಭಾಗ ತೆಗೆದು ಕೀವು ಬಸಿಯಲು ನಳಿಕೆ ಇಡುವುದು, ಒಂದೆರಡು ವಾರ ಡ್ರೆಸ್ಸಿಂಗ್, ಇಷ್ಟೆಲ್ಲ ಆದರೆ 41,600 ರೂಪಾಯಿ ನನಗೆ ಅತಿಯೆನಿಸುವುದಿಲ್ಲ.

ಎರಡೂ ನಾಯಿಗಳ ರೇಬೀಸ್ ಲಸಿಕೆಯ ಪುಸ್ತಕವನ್ನು ತೆಗೆದಿಡಿ. ಕಚ್ಚಿದ ನಾಯಿಯನ್ನು 10 ದಿನ ಕಣ್ಣಿಟ್ಟು ನೋಡಬೇಕು. ಗೀರು ಸಣ್ಣದೆಂದು ಕಾಕೂ ಅವರು ಲಸಿಕೆ ಹಾಕಿಸಿಕೊಳ್ಳದೆ ಉಳಿಯುವುದು ಬೇಡ.

ಮಾಟುಂಗಾ ನಿವಾಸಿ

ವೈದ್ಯರು ಗೀರಿನ ಮಾತೆತ್ತಿದ್ದು ಒಳ್ಳೆಯದಾಯಿತು. ಪೊಲೀಸರ ಮುಂದೆ ಇಡೀ ಪ್ರಕರಣ ತಿರುಗುವುದು ಅಲ್ಲಿಯೇ. ನಮ್ಮ ಮುಂಬಯಿಯಲ್ಲಿ 2010ರಲ್ಲಿ ನೇಪಿಯನ್ ಸೀ ರಸ್ತೆಯಲ್ಲಿ ಹಿರಿಯರೊಬ್ಬರನ್ನು ಒಂದು ರಾಟ್‌ವೀಲರ್ ಕಚ್ಚಿತು. ಅದರ ಮಾಲೀಕರಿಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯ 2023ರಲ್ಲಿ 3 ತಿಂಗಳ ಶಿಕ್ಷೆ ವಿಧಿಸಿತು. ವರಳಿಯಲ್ಲಿ 2018ರಲ್ಲಿ ಲಿಫ್ಟಿನೊಳಗೆ ನೆರೆಯವರನ್ನು ಸಾಕುನಾಯಿ ಕಚ್ಚಿದ್ದಕ್ಕೆ ಮಾಲೀಕರಿಗೆ 2025ರಲ್ಲಿ 4 ತಿಂಗಳ ಶಿಕ್ಷೆಯಾಯಿತು. ಎರಡರಲ್ಲಿಯೂ ಕಚ್ಚಿಸಿಕೊಂಡವರು ಮನುಷ್ಯರು. ಒಂದರಲ್ಲಿ 13 ವರ್ಷ, ಇನ್ನೊಂದರಲ್ಲಿ 7 ವರ್ಷ ಕೋರ್ಟಿನ ಮೆಟ್ಟಿಲು ಹತ್ತಿಳಿದಿದ್ದಾರೆ ಎಂಬುದನ್ನು ಎರಡೂ ಮನೆಯವರು ಯೋಚಿಸಬೇಕು.

ನಿಗಡಿಯಿಂದ ಒಬ್ಬರು

ನಮ್ಮ ಅಥಣಿಯ ಕಡೆ ದಿನಕ್ಕೆ ನಾಲ್ಕು ಸಲ ನಾಯಿಗಳು ಕಚ್ಚಾಡುತ್ತವೆ, ಯಾರೂ ಕಲಮು ಹುಡುಕುವುದಿಲ್ಲ. ಪಟ್ಟಣಕ್ಕೆ ಬಂದ ಮೇಲೆ ನಾಯಿಜಗಳಕ್ಕೂ ವಕೀಲರು ಬೇಕಾದರು.

ವಾಕಡ್‌ನ ಮಾಜಿ ಕಾರ್ಯದರ್ಶಿ

ನಿಗಡಿಯವರೇ, ಊರಿನಲ್ಲಿ ನಾಯಿಗಳಿಗೆ ಓಡಿಹೋಗಲು ಜಾಗವಿರುತ್ತದೆ. ಇಲ್ಲಿ ಆರು ಅಡಿಯ ಲಿಫ್ಟಿನ ಬಾಗಿಲು.

ಒಂದು ದೊಡ್ಡ ಸೊಸೈಟಿಯಲ್ಲಿ ನಾಲ್ಕು ವರ್ಷ ಕಾರ್ಯದರ್ಶಿಯಾಗಿದ್ದವನು ನಾನು, ಆದ್ದರಿಂದ ಸಮಿತಿಯ ಪತ್ರದ ಬಗ್ಗೆ ಹೇಳಬಲ್ಲೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಬಹುಮತದ ಠರಾವು ಇದ್ದರೂ ಸೊಸೈಟಿ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಅವುಗಳಿಗೆ ಲಿಫ್ಟ್ ನಿರಾಕರಿಸುವಂತೆಯೂ ಇಲ್ಲ. ಹಾಗಾಗಿ ‘ತಿಂಗಳೊಳಗೆ ಸಾಗಿಸಿ’ ಎಂಬ ಸಾಲಿಗೆ ಬಲವಿಲ್ಲ. ದಂಡದ ವಿಷಯವೂ ಅಷ್ಟೇ. ಉಪವಿಧಿಯ ಆಧಾರ, ಕಾರಣ ಕೇಳುವ ನೋಟಿಸು, ನಿಮ್ಮ ಮಾತು ಕೇಳುವ ಅವಕಾಶ, ಸರ್ವಸದಸ್ಯರ ಸಭೆ, ಇವು ಯಾವುವೂ ಇಲ್ಲದೆ ಸಮಿತಿಯ ಐದು ಜನ ಕುಳಿತು 10,000 ಎಂದು ಬರೆದುಬಿಡಲಾಗದು. ಅದಕ್ಕಿಂತ ಮುಖ್ಯವಾಗಿ, ಆ ಹಣ ಸೊಸೈಟಿಯ ಖಾತೆಗೆ ಹೋಗುತ್ತದೆಯೇ ಹೊರತು ಕಾಕೂ ಅವರ ಬಿಲ್ಲಿಗಲ್ಲ. ನಾನು ಕಾರ್ಯದರ್ಶಿಯಾಗಿದ್ದಾಗ ಇಂಥದೇ ಒಂದು ದಂಡ ಹಾಕಿಸಿ, ಕಚ್ಚಿಸಿಕೊಂಡ ನಾಯಿಯ ಮನೆಯವರಿಂದಲೇ ಬೈಸಿಕೊಂಡಿದ್ದೇನೆ.

ಆದರೆ ಸಮಿತಿಯವರಿಂದ ಒಂದು ಕೆಲಸ ಇಂದೇ ಆಗಬೇಕು. ಲಾಬಿಯ ಸಿಸಿಟಿವಿ ಡಿವಿಆರ್ ಹಳೆಯದನ್ನು ಅಳಿಸಿಯೇ ಹೊಸದನ್ನು ಬರೆಯುತ್ತದೆ. ಭಾನುವಾರದ ಆ ಹತ್ತು ನಿಮಿಷವನ್ನು ಪೆನ್‌ಡ್ರೈವಿಗೆ ಇಳಿಸಿಕೊಡಿ ಎಂದು ಲಿಖಿತವಾಗಿ ಕೇಳಿ.

ಶಿವಾಜಿನಗರ ನ್ಯಾಯಾಲಯದ ವಕೀಲರು

ಕಾರ್ಯದರ್ಶಿಗಳು ಹೇಳಿದ್ದಕ್ಕೆ ಸೇರಿಸುತ್ತೇನೆ: ಆ ದೃಶ್ಯದ ಪ್ರತಿಯ ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರವೂ ಇರಬೇಕು, ಇಲ್ಲವಾದರೆ ನ್ಯಾಯಾಲಯದಲ್ಲಿ ಅದನ್ನು ಹಾಜರುಪಡಿಸುವಾಗ ತೊಡಕಾಗುತ್ತದೆ.

ಗೀರಿನ ಕಾರಣದಿಂದ ಈಗ 291ನೆಯ ಕಲಮಿನ ಜೊತೆಗೆ 125ನೆಯದೂ ಎದುರಿಗೆ ಬರಬಹುದು. ನಿರ್ಲಕ್ಷ್ಯದಿಂದ ಮನುಷ್ಯರ ಸುರಕ್ಷತೆಗೆ ಕುತ್ತು ತಂದು ಗಾಯಪಡಿಸಿದರೆ ಅದರಲ್ಲಿ 6 ತಿಂಗಳು ಅಥವಾ 5,000 ರೂಪಾಯಿಯವರೆಗೆ ಶಿಕ್ಷೆಯಿದೆ. ಗೀರು ಅವರದೇ ನಾಯಿಯ ಉಗುರಿನದು ಎಂದು ನೀವು ವಾದಿಸಬಹುದು, ಆದರೆ ಅವರು ಕೈಹಾಕಬೇಕಾಗಿ ಬಂದದ್ದು ನಿಮ್ಮ ನಾಯಿಯಿಂದಲೇ.

ಮಹಾರಾಷ್ಟ್ರದವರಿಗೆ ಮಾತ್ರ ಅನ್ವಯಿಸುವ ಇನ್ನೊಂದು ಕಾನೂನಿದೆ, ಚೌಕಿಯಲ್ಲಿ ಅದು ಬಹಳ ಸಲ ನೆನಪಾಗುವುದಿಲ್ಲ. 1951ರ ಪೊಲೀಸ್ ಕಾಯ್ದೆಯ 106ನೆಯ ಕಲಮು, ರಸ್ತೆಯಲ್ಲಿ ಅಥವಾ ಸಾರ್ವಜನಿಕ ಸ್ಥಳದಲ್ಲಿ ಉಗ್ರ ಸ್ವಭಾವದ ನಾಯಿಯನ್ನು ಬಾಯಿಕುಕ್ಕೆ (ಕಚ್ಚದಂತೆ ಮೂತಿಗೆ ಕಟ್ಟುವ ಬಲೆ) ಹಾಕದೆ ಸಡಿಲ ಬಿಡುವುದನ್ನೂ, ಮನುಷ್ಯರ ಮೇಲಾಗಲಿ ಇನ್ನೊಂದು ಪ್ರಾಣಿಯ ಮೇಲಾಗಲಿ ನಾಯಿಯನ್ನು ಛೂ ಬಿಡುವುದನ್ನೂ ನಿಷೇಧಿಸುತ್ತದೆ. ನಾಯಿ ಇನ್ನೊಂದು ಪ್ರಾಣಿಯ ಮೇಲೆ ಬೀಳುವುದನ್ನು ನೇರವಾಗಿ ಹೆಸರಿಸುವ ನಿಯಮ ಇದು. ಸೊಸೈಟಿಯ ಲಾಬಿ ಸಾರ್ವಜನಿಕ ಸ್ಥಳವೇ ಎಂಬುದರ ಮೇಲೆ ವಾದ ನಡೆಯಬಹುದು. ಗೇಟಿನ ಹೊರಗಾದರೆ ಆ ವಾದಕ್ಕೂ ಎಡೆಯಿಲ್ಲ.

‘ಕೊಲ್ಲಿಸುತ್ತೇನೆ’ ಎಂಬ ಬೆದರಿಕೆಗೆ ಉತ್ತರ ಇದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಪ್ರಕ್ರಿಯೆಯ ಕಾನೂನಿನ) 152ನೆಯ ಕಲಮಿನಡಿ, ಅಪಾಯಕಾರಿ ಪ್ರಾಣಿಯನ್ನು ಕೂಡಿಹಾಕಲು, ಸಾಗಿಸಲು, ನಾಶಪಡಿಸಲು ಕೂಡ ಅದರ ಒಡೆಯನಿಗೆ ಆದೇಶಿಸುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗಿದೆ. ಅದು ನೋಟಿಸು, ವಿಚಾರಣೆ, ಸಾಕ್ಷ್ಯ ಎಲ್ಲವೂ ಇರುವ ದಾರಿ. ನೆರೆಯವರ ಮಗನಿಗಾಗಲಿ, ಪೊಲೀಸರಿಗಾಗಲಿ, ಮಹಾನಗರಪಾಲಿಕೆಯ ಬಂಡಿಗಾಗಲಿ ಆ ಅಧಿಕಾರವಿಲ್ಲ. ಸಿಟ್ಟಿನಿಂದ ಯಾರಾದರೂ ವಿಷವಿಕ್ಕಿದರೆ ಆಗ 325ನೆಯ ಕಲಮು ಅವರ ಮೇಲೆಯೇ ತಿರುಗುತ್ತದೆ.

ಔಂಧ್‌ನ ಗೃಹಿಣಿ

ಹಾಗಾದರೆ ಜಗಳದ ನಡುವೆ ಕಚ್ಚುವ ನಾಯಿಗೆ ಕೋಲಿನಿಂದ ಹೊಡೆದವರ ಗತಿ ಏನು? ನಾನು ಅಂದು ಕೊಡೆಯಿಂದ ಬಾರಿಸಿದ್ದೆ, ಅದರ ಕಡ್ಡಿಗಳೆಲ್ಲ ಮುರಿದಿದ್ದವು. ಪ್ರಾಣಿಹಿಂಸೆಯ ದೂರು ಕೊಡುತ್ತೇವೆ ಎಂದು ನಮ್ಮನ್ನೇ ಹೆದರಿಸಿದ್ದರು.

ಶಿವಾಜಿನಗರ ನ್ಯಾಯಾಲಯದ ವಕೀಲರು

ದೊಡ್ಡ ಹಾನಿಯನ್ನು ತಪ್ಪಿಸಲು ಸದುದ್ದೇಶದಿಂದ ಮಾಡಿದ ಸಣ್ಣ ಹಾನಿ ಅಪರಾಧವಲ್ಲವೆಂದು ನ್ಯಾಯ ಸಂಹಿತೆಯ 19ನೆಯ ಕಲಮು ಹೇಳುತ್ತದೆ, ಸ್ವತ್ತಿನ ರಕ್ಷಣೆಗೂ ಅದು ಸಲ್ಲುತ್ತದೆ. ನಾಯಿ ಬಿಟ್ಟು ಹಿಂದೆ ಸರಿದ ಮೇಲೆಯೂ ಹೊಡೆಯುತ್ತಾ ಹೋದರೆ ಆ ರಕ್ಷಣೆ ಮುಗಿಯಿತು. ನಿಮ್ಮ ಕೊಡೆಗೆ ನನ್ನ ಪೂರ್ಣ ಸಹಮತವಿದೆ, ಅಕ್ಕ.

ಬಾಣೇರ್‌ನಿಂದ ಒಬ್ಬರು

ನಮ್ಮ ಮನೆಯ ನಾಯಿಯನ್ನು ತಿಂಗಳ ಸಂಬಳಕ್ಕೆ ಒಬ್ಬ ಹುಡುಗ ತಿರುಗಾಡಿಸುತ್ತಾನೆ. ಅವನ ಕೈಯಲ್ಲಿದ್ದಾಗ ಕಚ್ಚಿದರೆ ಹೊಣೆ ಯಾರದು? ಮುಧೋಳ ನಾಯಿಯನ್ನು ಅಪಾಯಕಾರಿ ತಳಿಯೆಂದು ಸರ್ಕಾರ ನಿಷೇಧಿಸಿದೆಯೇ ಎಂಬುದನ್ನೂ ಯಾರಾದರೂ ಹೇಳಿ.

ಶಿವಾಜಿನಗರ ನ್ಯಾಯಾಲಯದ ವಕೀಲರು

ಕೆಲಸದವನ ನಿರ್ಲಕ್ಷ್ಯಕ್ಕೆ ಕೆಲಸಕ್ಕಿಟ್ಟುಕೊಂಡವರೇ ಸಿವಿಲ್ ಹೊಣೆ ಹೊರಬೇಕು. ತಳಿಯ ಮಾತು: 2024ರ ಮಾರ್ಚಿನಲ್ಲಿ ಕೇಂದ್ರ ಪಶುಸಂಗೋಪನಾ ಇಲಾಖೆ 23 ತಳಿಗಳನ್ನು ನಿಷೇಧಿಸಲು ರಾಜ್ಯಗಳಿಗೆ ಬರೆದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟು ಮರುತಿಂಗಳೇ ರದ್ದುಪಡಿಸಿತು. ಆ ಪಟ್ಟಿಯಲ್ಲಿಯೂ ನಮ್ಮ ಮುಧೋಳ ಇರಲಿಲ್ಲ.

ತಳಿಗಿಂತ ಹೆಚ್ಚು ತೂಗುವುದು ಮಾಲೀಕನಿಗೆ ಮೊದಲೇ ಏನು ಗೊತ್ತಿತ್ತು ಎಂಬುದು. ನಾಯಿಗೆ ಕಚ್ಚುವ ಚಾಳಿಯಿದೆಯೆಂದು ತಿಳಿದೂ ಸಾಕುತ್ತಿದ್ದರೆ, ನಿರ್ಲಕ್ಷ್ಯವನ್ನು ಬೇರೆಯಾಗಿ ಸಾಬೀತು ಮಾಡುವ ಅಗತ್ಯವೇ ಇಲ್ಲವೆಂಬ ಹಳೆಯ ತತ್ವವಿದೆ. ಕೋಥ್ರೂಡ್‌ನವರೇ, ನಿಮ್ಮ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಬೆಕ್ಕು ಕಂಡರೆ ನಮ್ಮವಳು ಬಿಡುವುದೇ ಇಲ್ಲ’ ಎಂದು ಎಂದಾದರೂ ತಮಾಷೆಗೆ ಬರೆದಿದ್ದೀರಾ? ಬರೆದಿದ್ದರೆ ಎದುರು ಪಕ್ಷದ ವಕೀಲರು ಮೊದಲು ಮುದ್ರಿಸಿಕೊಳ್ಳುವ ಹಾಳೆ ಅದೇ. ಈ ಭಾನುವಾರದ ಘಟನೆಯೂ ಇನ್ನು ಮುಂದೆ ನಿಮಗೆ ‘ಗೊತ್ತಿದ್ದ’ ಸಂಗತಿಯಾಯಿತು.

ಕೋಥ್ರೂಡ್ ನಿವಾಸಿ (ಪ್ರಶ್ನೆ ಕೇಳಿದವರು)

ಬರೆದಿದ್ದೇನೆ, ಸರ್. ಬೆಕ್ಕಲ್ಲ, ಅಳಿಲು. ಫೋಟೋ ಸಮೇತ.

ಪೂರ್ತಿ ಬಿಲ್ಲು ಕೊಡಲು ನಿಶ್ಚಯಿಸಿದ್ದೇವೆ. ಕಾಗದದ ಮೇಲೆ ಬರೆದುಕೊಡಿ ಎಂದು ಅವರ ಮಗ ಕೇಳುತ್ತಿದ್ದಾನೆ. ಹಣ ಪಡೆದ ಮೇಲೆ ಪೊಲೀಸರಿಗೆ ದೂರು ಕೊಡುವುದಿಲ್ಲ ಎಂಬ ಒಂದು ವಾಕ್ಯ ಅದರಲ್ಲಿ ಸೇರಿಸಬಹುದೇ?

ಶಿವಾಜಿನಗರ ನ್ಯಾಯಾಲಯದ ವಕೀಲರು

ಆ ವಾಕ್ಯ ಬೇಡ. ಹಣಕ್ಕೆ ಪ್ರತಿಯಾಗಿ ಅಪರಾಧದ ದೂರನ್ನು ಅದುಮಿಡುವ ಕರಾರು 1872ರ ಕರಾರು ಕಾಯ್ದೆಯ 23ನೆಯ ಕಲಮಿನಡಿ ನಿಲ್ಲುವುದಿಲ್ಲ, ಅದು ಇಡೀ ಕಾಗದವನ್ನೇ ಕೆಡಿಸುತ್ತದೆ. ಇಂಥ ದಿನ ಹೀಗಾಯಿತು, ಚಿಕಿತ್ಸೆಗೆ ಇಷ್ಟು ಖರ್ಚಾಯಿತು, ಅದನ್ನು ಇಂಥ ದಿನ ಪಾವತಿಸಲಾಗಿದೆ, ಇದರಿಂದ ಸಿವಿಲ್ ಪರಿಹಾರದ ಕೋರಿಕೆ ತೀರಿದೆ ಎಂದಷ್ಟೇ ಬರೆಯಿರಿ. ಮುಂದಿನ ಚಿಕಿತ್ಸೆಯ ಖರ್ಚು ಇದರಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಸ್ಪಷ್ಟಪಡಿಸಿ. ಮತ್ತೆ ಜಗಳ ಹುಟ್ಟುವುದು ಅಲ್ಲಿಂದಲೇ. ಒಪ್ಪಂದ ಗಟ್ಟಿಯಾಗಿರಬೇಕೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಪೂರ್ವ ಲೋಕ ಅದಾಲತ್ತಿಗೆ ಅರ್ಜಿ ಹಾಕಿ. ಅಲ್ಲಿಯ ಆದೇಶಕ್ಕೆ ಡಿಕ್ರಿಯ (ಸಿವಿಲ್ ನ್ಯಾಯಾಲಯದ ತೀರ್ಪಿನ) ಬಲವಿದೆ, ಅದರ ಮೇಲೆ ಅಪೀಲಿಲ್ಲ.

ಕೋಥ್ರೂಡ್ ನಿವಾಸಿ (ಪ್ರಶ್ನೆ ಕೇಳಿದವರು)

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. 500 ರೂಪಾಯಿಯ ಛಾಪಾ ಕಾಗದದ ಮೇಲೆ ಒಪ್ಪಂದವಾಯಿತು. 41,600 ರೂಪಾಯಿಯನ್ನು ಎರಡು ಕಂತಿನಲ್ಲಿ ಕೊಟ್ಟೆವು. ಹೊಲಿಗೆ ಬಿಚ್ಚುವವರೆಗಿನ ಡ್ರೆಸ್ಸಿಂಗ್ ಖರ್ಚೂ ನಮ್ಮದೆಂದು ಬರೆದಿದ್ದೇವೆ. ಕಾಕೂ ಅವರ ಲಸಿಕೆಗಳು ಮುಗಿಯುತ್ತಾ ಬಂದಿವೆ, ನಮ್ಮ ನಾಯಿಯ 10 ದಿನಗಳೂ ಕ್ಷೇಮವಾಗಿ ಕಳೆದವು. ಸಮಿತಿಯವರಿಗೆ ಕಾರ್ಯದರ್ಶಿಗಳು ಹೇಳಿದ ಅಂಶಗಳನ್ನೇ ಬರೆದು ಉತ್ತರ ಕೊಟ್ಟೆ, ದಂಡದ ಪತ್ರವನ್ನು ಹಿಂದಕ್ಕೆ ಪಡೆದರು.

ಬಾಯಿಕುಕ್ಕೆ ತರಲು ಲಕ್ಷ್ಮೀ ರಸ್ತೆಯ ಕಡೆ ಮೂರು ಅಂಗಡಿ ತಿರುಗಿದೆ. ಅಲ್ಲಿರುವುದೆಲ್ಲ ಲ್ಯಾಬ್ರಡಾರ್‌ನ ಅಗಲ ಮೂತಿಗೆ ಮಾಡಿದ್ದು, ನಮ್ಮವಳ ನೀಳ ಮೂತಿಯಿಂದ ಜಾರಿ ಬೀಳುತ್ತದೆ. ಕೊನೆಗೆ ಅಳತೆ ಕೊಟ್ಟು ತಂತಿಯದೊಂದನ್ನು ಮಾಡಿಸಿದೆ. ಊರಿನಿಂದ ಬಂದಿದ್ದ ಅಪ್ಪ ಅದನ್ನು ಕಂಡು, ಕಣದಲ್ಲಿ ಎತ್ತಿಗೆ ಕಟ್ಟುವುದನ್ನು ನಾಯಿಗೆ ಕಟ್ಟಿದೆಯಲ್ಲೋ ಎಂದರು. ಈಗ ನಾವು ಐದೂವರೆಗೆ ಇಳಿಯುತ್ತೇವೆ, ಕಾಕೂ ಏಳಕ್ಕೆ. ಚೈನು ಎರಡು ಸುತ್ತು ಮಣಿಕಟ್ಟಿಗೆ, ಹಾಲು ತರುವುದು ಆಮೇಲೆ.